ಬಾಯಿ ಮುಚ್ಚಿ ಕೂತರೆ ಬೇಲಿ ಅವರದ್ದೇನಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತಿನ ಮೇಲೆ. ಹೋದ ಸಂಚಿಕೆಯಲ್ಲಿ ದೇಶದೇಶಗಳ ನಡುವಿನ ಕಾನೂನಿನ ಬಗ್ಗೆ ಬರೆಯುತ್ತಾ ‘ಇದು ಕಾನೂನಲ್ಲ, ಬರೀ ಡಾಕ್ಟ್ರಿನ್ (ಸಿದ್ಧಾಂತ)’ ಅಂತ ಒಂದು ಸಾಲು ಗೀಚಿ ಮುಂದೆ ಹೋಗಿದ್ದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ. ಹಾಗಂದ್ರೆ ಏನು ವಕೀಲರೇ, ಕಾನೂನಲ್ಲದ್ದು ಕೋರ್ಟಿನಲ್ಲಿ ಯಾಕೆ ನಡೆಯುತ್ತದೆ? ಸರಿ, ಈ ಸಲ ಪೂರ್ತಿ ಪುಟ ಅದಕ್ಕೇ.

ಪ್ರಶ್ನೆ: ಸರ್, ನಾನು ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಡಾಕ್ಟ್ರಿನ್ ಕಾನೂನಿನ ಮೂಲವೇ ಅಲ್ಲ ಅಂತ ಕ್ಲಾಸಿನಲ್ಲಿ ಹೇಳುತ್ತಾರೆ. ಪುಸ್ತಕ ತೆರೆದರೆ ಪುಟಕ್ಕೊಂದು ಡಾಕ್ಟ್ರಿನ್. ಯಾವುದನ್ನು ನಂಬಲಿ?
(ವಿದ್ಯಾರ್ಥಿನಿ, ಉಪ್ಪಳ)

ಉತ್ತರ: ಮಗಳೇ, ಎರಡನ್ನೂ ನಂಬು. ಹೆಸರು ಒಂದು, ಸಾಮಾನು ಮೂರು. ಒಂದು, ವಿದ್ವಾಂಸರ ಬರಹ. ಫ್ರೆಂಚರು ಡಾಕ್ಟ್ರಿನ್ ಅಂದರೆ ಮುಖ್ಯವಾಗಿ ಇದನ್ನೇ ಹೇಳುವುದು, ಪ್ರೊಫೆಸರುಗಳು ಬರೆದ ಪುಸ್ತಕ, ಟಿಪ್ಪಣಿ, ಲೇಖನಗಳ ರಾಶಿ. ಇನ್ನೊಂದು, ಕೋರ್ಟುಗಳಲ್ಲಿ ವಾದ ಮಾಡಿ ಮಾಡಿ ಒಂದು ಆಕಾರಕ್ಕೆ ಬಂದ ನಿಯಮಗಳು. ಎಸ್ಟಾಪೆಲ್ (ಮೊದಲು ಆಡಿದ ಮಾತಿಗೆ ಆಮೇಲೆ ತಿರುಗಿ ಬೀಳಲು ಬಿಡದ ನಿಯಮ), ಉಟಿ ಪೊಸಿಡೆಟಿಸ್ (ಗಡಿಯ ನಿಯಮ, ಅದರ ಕಥೆ ಮುಂದೆ ಇದೆ) ಎಲ್ಲ ಈ ಗುಂಪು. ಮತ್ತೊಂದು, ಯಾವುದೋ ಸರಕಾರ ‘ಇನ್ನು ಮುಂದೆ ನಮ್ಮ ನಡೆ ಹೀಗೆ’ ಅಂತ ಸಾರಿದ್ದು. ನಿಮ್ಮ ಮೇಷ್ಟ್ರು ಹೇಳಿದ್ದು ಮೊದಲನೆಯದರ ಮಾತು.

ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯದ ಸ್ಟ್ಯಾಚ್ಯೂಟ್‌ನಲ್ಲಿ, ಅಂದರೆ ಆ ಕೋರ್ಟು ನಡೆಯುವ ನಿಯಮಾವಳಿಯಲ್ಲಿ, 38ನೇ ವಿಧಿ ಇದೆ. ಕೋರ್ಟು ಯಾವುದನ್ನು ನೋಡಿ ತೀರ್ಪು ಕೊಡಬೇಕು ಅಂತ ಅಲ್ಲಿ ಬರೆದಿದೆ. ಮೊದಲು ಒಪ್ಪಂದಗಳು, ಆಮೇಲೆ ದೇಶಗಳ ನಡುವಿನ ರೂಢಿ, ಆಮೇಲೆ ಎಲ್ಲರೂ ಒಪ್ಪುವ ಸಾಮಾನ್ಯ ತತ್ವಗಳು. ಕೊನೆಗೆ, ಕಾನೂನು ಏನು ಅಂತ ಕಂಡುಹಿಡಿಯಲು ಸಹಾಯಕ್ಕೆ ಮಾತ್ರ, ಹಳೆಯ ತೀರ್ಪುಗಳು ಮತ್ತು ಬೇರೆಬೇರೆ ದೇಶಗಳ ದೊಡ್ಡ ವಿದ್ವಾಂಸರ ಬರಹ. ಅನ್ನ ಸಾರು ಬಡಿಸಿದ ಮೇಲೆ ಬಾಳೆಲೆಯ ತುದಿಗೆ ಬರುವ ಉಪ್ಪಿನಕಾಯಿ ಇದ್ದ ಹಾಗೆ. ಅದರಲ್ಲೇ ಹೊಟ್ಟೆ ತುಂಬಿಸಲು ಆಗುವುದಿಲ್ಲ.

ಆದರೆ ಉಪ್ಪಿನಕಾಯಿಯಲ್ಲೇ ಊಟ ಮುಗಿದ ಒಂದು ಕೇಸೂ ಇದೆ. ನನಗೆ ತುಂಬಾ ಇಷ್ಟದ್ದು. 1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಹತ್ತಿತು. ಕ್ಯೂಬಾ ಆಗ ಸ್ಪೇನಿನ ಕೈಯಲ್ಲಿತ್ತು. ಹವಾನಾದಿಂದ ಮೀನಿಗೆ ಹೋಗಿದ್ದ ಎರಡು ಸಣ್ಣ ದೋಣಿಗಳು ವಾಪಸು ಬರುತ್ತಿದ್ದವು. ಒಂದರ ಹೆಸರು ಪಾಕೆಟೆ ಹಬಾನಾ, ಅದರಲ್ಲಿ ಮೂರೇ ಜನ. ಇನ್ನೊಂದು ಲೋಲಾ, ಅದರಲ್ಲಿ ಆರು. ಯುದ್ಧ ಶುರುವಾಗಿದೆ ಅಂತಲೇ ಅವರಿಗೆ ಗೊತ್ತಿಲ್ಲ, ದೋಣಿಯ ತುಂಬ ಜೀವಂತ ಮೀನು. ಅಮೆರಿಕದ ನೌಕಾಪಡೆ ಹಿಡಿದು ಕೀ ವೆಸ್ಟ್ ಬಂದರಿಗೆ ಎಳೆದೊಯ್ದಿತು, ಅಲ್ಲಿನ ಕೋರ್ಟು ಹರಾಜು ಹಾಕಿಸಿತು. ಒಂದಕ್ಕೆ 490 ಡಾಲರ್, ಇನ್ನೊಂದಕ್ಕೆ 800. ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಮೀನುದೋಣಿಯನ್ನು ಹಿಡಿಯಬಾರದು ಅಂತ ಹೇಳುವ ಒಪ್ಪಂದ ಇರಲಿಲ್ಲ, ಅಮೆರಿಕದ ಕಾಯಿದೆಯೂ ಇರಲಿಲ್ಲ. ನ್ಯಾಯಮೂರ್ತಿ ಗ್ರೇ ಏನು ಮಾಡಿದರು ಗೊತ್ತಾ? 1403ರಲ್ಲಿ ಇಂಗ್ಲೆಂಡಿನ ನಾಲ್ಕನೇ ಹೆನ್ರಿ ಹೊರಡಿಸಿದ ಆದೇಶದಿಂದ ಹಿಡಿದು ಒಂದೊಂದೇ ದೇಶದ ನಡವಳಿಕೆ ಎತ್ತಿಕೊಂಡರು, ಅದರ ಜೊತೆ ಬೇರೆಬೇರೆ ದೇಶದ ಪಂಡಿತರು ಬರೆದದ್ದನ್ನೂ ಒಬ್ಬೊಬ್ಬರದಾಗಿ ಇಟ್ಟು, ಬಡ ಮೀನುಗಾರರನ್ನು ಯುದ್ಧದಲ್ಲಿ ಮುಟ್ಟಬಾರದು ಅನ್ನುವುದು ಎಲ್ಲರೂ ಒಪ್ಪಿ ನಡೆದ ರೂಢಿ ಅಂತ 1900ರ ಜನವರಿಯಲ್ಲಿ ತೀರ್ಪು ಕೊಟ್ಟರು. ಹರಾಜಿನ ದುಡ್ಡು ಪರಿಹಾರದ ಜೊತೆ ವಾಪಸು.

ಪರೀಕ್ಷೆಗೆ ಬೇಕಾದ ಪಾಯಿಂಟ್ ಇದೇ ತೀರ್ಪಿನಲ್ಲಿದೆ. ಕಾನೂನು ಹೇಗಿರಬೇಕು ಅಂತ ಈ ಪಂಡಿತರು ಕಂಡ ಕನಸು ನಮಗೆ ಬೇಡ, ಕಾನೂನು ಹೇಗಿದೆ ಅನ್ನುವುದಕ್ಕೆ ಅವರು ಸಾಕ್ಷಿ ಅಷ್ಟೇ ಅಂತ ಕೋರ್ಟು ಹೇಳಿತು. ಊರಿನ ಹಳೆ ತಲೆಯನ್ನು ಕರೆದು ‘ಅಜ್ಜ, ಇಲ್ಲಿ ಮೊದಲು ದಾರಿ ಇತ್ತಾ?’ ಅಂತ ಕೇಳುವುದಿಲ್ಲವೇ, ಹಾಗೆ. ಅಜ್ಜ ಹೇಳಿದ ಮಾತ್ರಕ್ಕೆ ದಾರಿ ಹುಟ್ಟುವುದಿಲ್ಲ. ಇದ್ದದ್ದನ್ನು ಅಜ್ಜ ನೋಡಿರುತ್ತಾರೆ. ಕಷ್ಟ ಏನೆಂದರೆ ಸುಮಾರು ಅಜ್ಜಂದಿರು ತಾವು ನೋಡಿದ್ದನ್ನೂ ತಮಗೆ ಬೇಕಾದ್ದನ್ನೂ ಸೇರಿಸಿಯೇ ಹೇಳುತ್ತಾರೆ. ಪ್ರೊಫೆಸರುಗಳೂ ಹಾಗೇ. ಬರೆದವರು ಯಾವ ದೇಶದವರು, ಯಾರ ಪರ ವಾದ ಮಾಡಿದವರು ಅಂತ ನೋಡಿಕೊಂಡೇ ಓದು.

ಪ್ರಶ್ನೆ: ಮನ್ರೋ ಡಾಕ್ಟ್ರಿನ್ ಅಂತ ಟಿವಿಯಲ್ಲಿ ಆಗಾಗ ಕೇಳುತ್ತೇನೆ. ಅದು ಕಾನೂನಾ?
(ಓದುಗರು, ಕುಂಬಳೆ)

ಉತ್ತರ: ಅಲ್ಲ. 1823ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಮನ್ರೋ, ಯೂರೋಪಿನವರು ಇನ್ನು ನಮ್ಮ ಖಂಡಕ್ಕೆ ಕೈ ಹಾಕಬೇಡಿ ಅಂತ ಹೇಳಿದ್ದು. ಹೇಳಿದವರು ದೊಡ್ಡವರು ಅಂತ ಮಾತ್ರಕ್ಕೆ ಮಾತು ಕಾನೂನಾಗುವುದಿಲ್ಲ. ಆದರೆ ಕೆಲವು ಮಾತುಗಳು ಆಗುತ್ತವೆ. 1902ರಲ್ಲಿ ವೆನೆಜುವೆಲಾ ಸಾಲ ಕಟ್ಟಲಿಲ್ಲ ಅಂತ ಬ್ರಿಟನ್, ಜರ್ಮನಿ, ಇಟಲಿ ಸೇರಿ ಅದರ ಬಂದರುಗಳಿಗೆ ದಿಗ್ಬಂಧನ ಹಾಕಿದವು. ಸಾಲ ವಸೂಲಿಗೆ ಸೈನ್ಯ ತರಬಾರದು ಅಂತ ಅರ್ಜೆಂಟೀನಾದ ವಿದೇಶಾಂಗ ಸಚಿವ ಡ್ರಾಗೊ ವಾದಿಸಿದರು. ಅದಕ್ಕೆ ಡ್ರಾಗೊ ಡಾಕ್ಟ್ರಿನ್ ಅಂತ ಹೆಸರು ಬಿತ್ತು, 1907ರಲ್ಲಿ ಹೇಗ್‌ನಲ್ಲಿ ಸ್ವಲ್ಪ ನೀರು ಬೆರೆಸಿ ಒಪ್ಪಂದವೂ ಆಯಿತು. ಸಾಲಗಾರ ದೇಶ ಪಂಚಾಯ್ತಿಗೆ ಒಪ್ಪದಿದ್ದರೆ ಮಾತ್ರ ಬಲ ಬಳಸಬಹುದು ಅನ್ನುವುದೇ ಆ ನೀರು. ಬೇರೆ ದೇಶಗಳು ಒಪ್ಪಿ ಸಹಿ ಹಾಕಿದವಾ, ಒಪ್ಪಿದ ಹಾಗೆ ನಡೆದುಕೊಂಡವಾ, ಅಷ್ಟು ನೋಡಿದರೆ ಸಾಕು.

ಪ್ರಶ್ನೆ: ಪಕ್ಕದವರು ಅಗಳು ದಾಟಿ ಈಚೆ ಬೇಲಿ ಹಾಕಿ 14 ವರ್ಷ ಆಯಿತು. ಅಪ್ಪ ಆಗ ಮಾತಾಡಲಿಲ್ಲ. ಸುಮ್ಮನಿದ್ದದ್ದೇ ಒಪ್ಪಿಗೆ ಅಂತ ಅವರು ಈಗ ಹೇಳುತ್ತಾರೆ. ದೇಶಗಳ ನಡುವೆಯೂ ಇದೇ ನ್ಯಾಯವಂತೆ, ಹೌದಾ? ಇನ್ನೊಂದು, ನಮ್ಮ ತೋಟದ ಮಧ್ಯೆ ಅವರು ನಡೆದು ಹೋಗುತ್ತಿದ್ದ ಕಾಲುದಾರಿಯಲ್ಲಿ ಈಗ ಪಿಕಪ್ ತರುತ್ತೇನೆ ಅನ್ನುತ್ತಾರೆ.
(ಅಡಿಕೆ ಕೃಷಿಕರು, ಪೆರ್ಲ)

ಉತ್ತರ: ಅಣ್ಣ, ಮೊದಲು ನಿಮ್ಮ ತುರ್ತಿನ ಮಾತು. ಜಾಗದ ಕೇಸಿಗೆ ಲಿಮಿಟೇಶನ್ ಕಾಯಿದೆಯಲ್ಲಿ 12 ವರ್ಷದ ಗಡುವು ಇದೆ, ನಿಮ್ಮದು 14 ಅನ್ನುತ್ತೀರಿ. ಹಾಗಂತ ವರ್ಷ ಎಣಿಸಿದ ಕೂಡಲೇ ಜಾಗ ಅವರದ್ದಾಗುವುದಿಲ್ಲ. ಅಷ್ಟೂ ವರ್ಷ ಎಲ್ಲರಿಗೂ ಕಾಣುವ ಹಾಗೆ, ನಿಮ್ಮ ಹಕ್ಕಿಗೆ ವಿರುದ್ಧವಾಗಿ, ತಮ್ಮದೇ ಅಂತ ಇಟ್ಟುಕೊಂಡಿದ್ದೇವೆ ಅಂತ ಅವರು ರುಜು ಮಾಡಬೇಕು. ಜಾಗದ ಆಧಾರಪತ್ರ, ತೀರ್ವೆ ರಶೀದಿ, ಸರ್ವೆ ನಕ್ಷೆ ಹಿಡಿದುಕೊಂಡು ಈ ವಾರವೇ ಒಬ್ಬ ವಕೀಲರನ್ನು ನೋಡಿ. ತಡ ಮಾಡಬೇಡಿ.

ಇನ್ನು ದೇಶಗಳ ಕಥೆ. ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಗಡಿಯಲ್ಲಿ, ಎತ್ತರದ ಗುಡ್ಡದ ತುದಿಯಲ್ಲಿ ಪ್ರೆಯ ವಿಹಾರ್ ಅಂತ ಒಂದು ಹಳೆಯ ಶಿವನ ದೇವಸ್ಥಾನ. ಥಾಯ್ಲೆಂಡಿಗೆ ಆಗ ಸಯಾಂ ಅಂತ ಹೆಸರು, ಕಾಂಬೋಡಿಯಾ ಫ್ರೆಂಚರ ಕೈಯಲ್ಲಿತ್ತು. 1904ರ ಒಪ್ಪಂದದಲ್ಲಿ ನೀರು ಎರಡು ಕಡೆಗೆ ಇಳಿಯುವ ಗುಡ್ಡದ ಏಣೇ ಗಡಿ ಅಂತ ಬರೆದಿದ್ದರು. ಆಮೇಲೆ ಸಯಾಂನವರೇ ಕೇಳಿಕೊಂಡು ಫ್ರೆಂಚ್ ಅಧಿಕಾರಿಗಳಿಂದ ನಕ್ಷೆ ಮಾಡಿಸಿದರು. 1907ರ ಆ ನಕ್ಷೆಯಲ್ಲಿ ದೇವಸ್ಥಾನ ಕಾಂಬೋಡಿಯಾದ ಕಡೆ ಇತ್ತು. ಏಣಿನ ಲೆಕ್ಕದಲ್ಲಿ ನೋಡಿದರೆ ಅದು ತಮ್ಮ ಕಡೆ ಬರಬೇಕಿತ್ತು ಅಂತ ಥಾಯ್ಲೆಂಡಿನ ತಕರಾರು. ಆದರೆ ನಕ್ಷೆ ಕೈಗೆ ಬಂದಾಗ ಸಯಾಂನವರು ಮಾಡಿದ್ದೇನು? ಥ್ಯಾಂಕ್ಸ್ ಹೇಳಿದರು. ಜಿಲ್ಲೆಯ ಅಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿ ಕೊಡಿ ಅಂತ ಕೇಳಿದರು! 1930ರಲ್ಲಿ ಅವರದ್ದೇ ರಾಜಕುಮಾರ ದಾಮ್ರೋಂಗ್ ದೇವಸ್ಥಾನ ನೋಡಲು ಹೋದಾಗ ಫ್ರೆಂಚ್ ಅಧಿಕಾರಿ ಫ್ರೆಂಚ್ ಬಾವುಟ ಹಾರಿಸಿ ಸ್ವಾಗತ ಮಾಡಿದ. ನಮ್ಮ ಜಾಗದಲ್ಲಿ ನೀನ್ಯಾರಯ್ಯ ಸ್ವಾಗತ ಮಾಡಲಿಕ್ಕೆ ಅಂತ ಯಾರೂ ಕೇಳಲಿಲ್ಲ. 1962ರ ಜೂನ್ 15ರಂದು ಹೇಗ್‌ನ ಕೋರ್ಟು 9–3ರ ಬಹುಮತದಲ್ಲಿ ದೇವಸ್ಥಾನ ಕಾಂಬೋಡಿಯಾದ್ದು ಅಂದಿತು.

ನಮ್ಮಲ್ಲಿ ‘ಮೌನಂ ಸಮ್ಮತಿ ಲಕ್ಷಣಂ’ ಅನ್ನುತ್ತೇವಲ್ಲ, ಅದೇ ಅರ್ಥದ ಲ್ಯಾಟಿನ್ ಮಾತು ಆ ತೀರ್ಪಿನಲ್ಲೂ ಇದೆ. ಆದರೆ ಅದಕ್ಕೊಂದು ಬಾಲ ಇದೆ, ಜನ ಅದನ್ನು ಕತ್ತರಿಸಿ ಹೇಳುತ್ತಾರೆ. ಮಾತಾಡಬೇಕಾದ ಹೊತ್ತಾಗಿರಬೇಕು, ಮಾತಾಡಲು ಸಾಧ್ಯವೂ ಇರಬೇಕು. ಆಗ ಬಾಯಿ ಮುಚ್ಚಿದ್ದರೆ ಮಾತ್ರ ಅದು ಒಪ್ಪಿಗೆ.

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಸಣ್ಣವನಿದ್ದಾಗ ನೆರೆಮನೆಯವರು ದಾಸವಾಳದ ಬೇಲಿಯನ್ನು ಒಂದು ಕೋಲು ಈಚೆ ನೆಟ್ಟರು. ಅಪ್ಪ ನೋಡಿದರು, ಬೈದುಕೊಂಡರು, ಅದೂ ಅಡಿಗೆಮನೆಯಲ್ಲಿ ಅಮ್ಮನ ಹತ್ತಿರ. ಮುಂದಿನ ತಿಂಗಳು ಅವರ ಮನೆಯ ಉಪನಯನಕ್ಕೆ ಅದೇ ಬೇಲಿಯ ಹೊಸ ತಡಮ್ಮೆ ದಾಟಿಕೊಂಡು ಹೋಗಿ ಪಾಯಸ ಉಂಡು ಬಂದರು. ಕಾನೂನು ಓದುವಾಗ ದಾಮ್ರೋಂಗ್ ಕಥೆ ಬಂದ ದಿನ ನನಗೆ ನೆನಪಾದದ್ದು ಆ ಪಾಯಸ. ಆ ಒಂದು ಕೋಲು ಜಾಗ ಈಗಲೂ ಅವರ ಹತ್ತಿರವೇ ಇದೆ.

ಕಾಲುದಾರಿ ವಿಷಯದಲ್ಲಿ ನಿಮಗೆ ಸ್ವಲ್ಪ ಧೈರ್ಯ ಹೇಳಬಹುದು. ದಾದ್ರಾ ಮತ್ತು ನಗರ್ ಹವೇಲಿ ಪೋರ್ಚುಗೀಸರ ಕೈಯಲ್ಲಿದ್ದವು, ಸುತ್ತ ನಮ್ಮ ನೆಲ. ಅವರದ್ದೇ ಆಗಿದ್ದ ದಮನ್‌ನಿಂದ ಅಲ್ಲಿಗೆ ಹೋಗಬೇಕಾದರೆ ನಮ್ಮ ಜಾಗದ ಮೇಲೇ ಹೋಗಬೇಕು. 1954ರಲ್ಲಿ ಭಾರತ ತಡೆಯಿತು. ಪೋರ್ಚುಗಲ್ ಹೇಗ್‌ಗೆ ಹೋಯಿತು. 1960ರ ಏಪ್ರಿಲ್‌ನಲ್ಲಿ ಬಂದ ತೀರ್ಪು ನೋಡಿ ಎಷ್ಟು ನಾಜೂಕು: 125 ವರ್ಷಕ್ಕೂ ಜಾಸ್ತಿ ಕಾಲ ಜನಸಾಮಾನ್ಯರು, ಸಿವಿಲ್ ಅಧಿಕಾರಿಗಳು, ಸರಕುಗಳು ಯಾರ ತಡೆಯೂ ಇಲ್ಲದೆ ಓಡಾಡಿದ್ದಾರೆ, ಹಾಗಾಗಿ ಅವರ ಮಟ್ಟಿಗೆ ಎರಡು ದೇಶಗಳ ನಡುವೆ ರೂಢಿಯೇ ಹುಟ್ಟಿದೆ. ಸೈನ್ಯ, ಸಶಸ್ತ್ರ ಪೊಲೀಸು, ಮದ್ದುಗುಂಡು ಮಾತ್ರ ಪ್ರತಿ ಸಲವೂ ಅನುಮತಿ ಕೇಳಿಯೇ ದಾಟಿದ್ದು. ಕೇಳಿ ದಾಟಿದ್ದು ಹಕ್ಕಾಗುವುದಿಲ್ಲ. ಭಾರತ ತಡೆದದ್ದೂ ತಪ್ಪಲ್ಲ. ಪ್ರಪಂಚಕ್ಕೆಲ್ಲ ಒಂದೇ ರೂಢಿ ಇರಬೇಕು, ಬರೀ ಎರಡು ದೇಶಗಳ ನಡುವೆ ರೂಢಿ ಹುಟ್ಟಲು ಸಾಧ್ಯವಿಲ್ಲ ಅಂತ ಭಾರತ ಮಾಡಿದ ವಾದವನ್ನು ಮಾತ್ರ ಕೋರ್ಟು ಒಪ್ಪಲಿಲ್ಲ.

ಹೊರೆ ಹೊತ್ತು ನಡೆದವರಿಗೆ ಅದೇ ಕಾರಣಕ್ಕೆ ಪಿಕಪ್ ತರುವ ಹಕ್ಕು ಸಿಗಬೇಕಾಗಿಲ್ಲ. ಇನ್ನೊಬ್ಬರ ಜಾಗದಲ್ಲಿ ದಾರಿಯಂಥ ಹಕ್ಕಿಗೆ ಇಲ್ಲಿ ಇರುವ ಈಸ್‌ಮೆಂಟ್ ಕಾಯಿದೆ ಬೇರೆ, ಅದರಲ್ಲಿ 20 ವರ್ಷದ ಲೆಕ್ಕ. ಆದರೆ ನೀವು ಹುಡುಕಬೇಕಾದ್ದು ಅದೇ ಸಂಗತಿ. ಮೊದಲು ಯಾವಾಗಲಾದರೂ ಗಾಡಿ ತಂದಿದ್ದರಾ, ತಂದಾಗ ಕೇಳಿದ್ದರಾ? ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೂರಿಸಿಕೊಂಡು ಕೇಳಿ, ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಇಟಲಿಯ ಹಡಗಿನವರು ನಮ್ಮ ಇಬ್ಬರು ಮೀನುಗಾರರನ್ನು ಕೊಂದು ಶಿಕ್ಷೆ ಇಲ್ಲದೆ ಹೋದರಲ್ಲ. ಅದು ಯಾವ ಸಿದ್ಧಾಂತ?
(ಬೋಟಿನವರು, ಮಂಜೇಶ್ವರ)

ಉತ್ತರ: ಇಮ್ಯುನಿಟಿ, ಅಂದರೆ ಒಂದು ದೇಶದ ಅಧಿಕಾರಿ ಸರಕಾರಿ ಕೆಲಸದಲ್ಲಿ ಮಾಡಿದ್ದಕ್ಕೆ ಇನ್ನೊಂದು ದೇಶದ ಕೋರ್ಟು ವಿಚಾರಣೆ ಮಾಡುವ ಹಾಗಿಲ್ಲ ಅನ್ನುವುದು. 2012ರ ಫೆಬ್ರವರಿ 15ರಂದು ಕೇರಳದ ಕರೆಯಿಂದ ಸುಮಾರು 20 ನಾಟಿಕಲ್ ಮೈಲು ದೂರದಲ್ಲಿ ಎನ್ರಿಕಾ ಲೆಕ್ಸಿ ಅನ್ನುವ ವ್ಯಾಪಾರದ ಹಡಗಿನಲ್ಲಿ ಕಾವಲಿಗಿದ್ದ ಇಟಲಿಯ ನೌಕಾಯೋಧರು ಸೇಂಟ್ ಆಂಟನಿ ಬೋಟಿನ ಮೇಲೆ ಗುಂಡು ಹಾರಿಸಿದ್ದು. 2020ರಲ್ಲಿ ಐವರ ಮಧ್ಯಸ್ಥಿಕೆ ಮಂಡಳಿ 3–2ರಲ್ಲಿ ಅವರಿಗೆ ಈ ರಕ್ಷಣೆ ಇದೆ ಅಂದಿತು. ಬೋಟಿನ ಸಂಚಾರದ ಹಕ್ಕಿಗೆ ಇಟಲಿ ಭಂಗ ತಂದಿದೆ, ಪರಿಹಾರ ಕೊಡಬೇಕು ಅಂತಲೂ ಅಂದಿತು. 10 ಕೋಟಿ ಬಂತು. ತೀರಿಹೋದವರ ಮನೆಗಳಿಗೆ ನಾಲ್ಕು ನಾಲ್ಕು ಕೋಟಿ, ಬೋಟಿನ ಮಾಲೀಕರಿಗೆ ಎರಡು. ಐವರಲ್ಲಿ ಇಬ್ಬರು ಒಪ್ಪಲಿಲ್ಲ ಅನ್ನುವುದನ್ನು ಮರೆಯಬೇಡಿ. ಒಬ್ಬರು ಆಚೆ ವಾಲಿದ್ದರೆ ಇಲ್ಲೇ ವಿಚಾರಣೆ ನಡೆಯಬಹುದಿತ್ತು. ನನಗೂ ಆ ಇಬ್ಬರ ವಾದವೇ ಸರಿ ಅನ್ನಿಸಿದ್ದು, ವ್ಯಾಪಾರದ ಹಡಗು ಕಾಯುವುದು ದೇಶದ ಕೆಲಸ ಹೇಗಾಗುತ್ತದೆ ಅಂತ.

ಪ್ರಶ್ನೆ: ನಾನು ಕನ್ನಡ ಶಾಲೆಯಲ್ಲಿ 30 ವರ್ಷ ಪಾಠ ಮಾಡಿದವನು. ಉಟಿ ಪೊಸಿಡೆಟಿಸ್ ಅಂತ ಗಡಿಯ ಸಿದ್ಧಾಂತ ಇದೆಯಂತೆ. ಅದನ್ನು ಹಿಡಿದು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅನ್ನುವ ವಿಷಯ ಹೇಗ್‌ಗೆ ಒಯ್ಯಬಹುದೇ?
(ನಿವೃತ್ತ ಅಧ್ಯಾಪಕರು, ನೀರ್ಚಾಲು)

ಉತ್ತರ: ಮಾಷ್ಟ್ರೇ, ಆಗುವುದಿಲ್ಲ. ಹೇಗ್‌ನ ಆ ಕೋರ್ಟಿಗೆ ಕೇಸು ಹಾಕುವುದು ದೇಶಗಳು ಮಾತ್ರ. ದೇಶದ ಒಳಗಿನ ರಾಜ್ಯಗಳ ಗಡಿಯನ್ನು ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತು ಬದಲಾಯಿಸುತ್ತದೆ. ಮಹಾರಾಷ್ಟ್ರ ಬೆಳಗಾವಿಗಾಗಿ 2004ರಲ್ಲಿ ಹೋದದ್ದೂ ದೆಹಲಿಯ ಸುಪ್ರೀಂ ಕೋರ್ಟಿಗೇ.

ಆದರೂ ನೀವು ಕೇಳಿದ ಸಿದ್ಧಾಂತದ ಕಥೆ ಹೇಳಲೇಬೇಕು, ಯಾಕೆಂದರೆ ಡಾಕ್ಟ್ರಿನ್‌ಗಳು ಹೇಗೆ ವೇಷ ಬದಲಾಯಿಸುತ್ತವೆ ಅಂತ ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ರೋಮಿನಲ್ಲಿ ಅದು ಎರಡು ಮನೆಗಳ ಜಾಗದ ಜಗಳಕ್ಕೆ ನ್ಯಾಯಾಧಿಕಾರಿ ಕೊಡುತ್ತಿದ್ದ ತಾತ್ಕಾಲಿಕ ಆದೇಶ. ಸದ್ಯ ಯಾರ ಕೈಯಲ್ಲಿದೆಯೋ ಅವರ ಹತ್ತಿರವೇ ಇರಲಿ, ಅಸಲಿ ಹಕ್ಕು ಯಾರದ್ದು ಅಂತ ಆಮೇಲೆ ನೋಡೋಣ ಅಂತ. ಸ್ಪೇನಿನಿಂದ ಬಿಡುಗಡೆಯಾದ ದಕ್ಷಿಣ ಅಮೆರಿಕದ ದೇಶಗಳು ಅದನ್ನು ಎತ್ತಿಕೊಂಡು ತಲೆಕೆಳಗು ಮಾಡಿದವು. ಕೈಯಲ್ಲಿ ಇರುವುದು ಮುಖ್ಯವಲ್ಲ, ಬಿಡುಗಡೆಯ ದಿನ ಸ್ಪೇನಿನವರ ಕಾಗದದಲ್ಲಿ ಜಿಲ್ಲೆಯ ಗೆರೆ ಎಲ್ಲಿತ್ತೋ ಅದೇ ದೇಶದ ಗಡಿ, ಅದೂ ಕಾಯಂ. ತಾತ್ಕಾಲಿಕ ಹೋಗಿ ಕಾಯಂ ಆಯಿತು, ಸ್ವಾಧೀನ ಹೋಗಿ ಕಾಗದ ಬಂತು. ಹೆಸರು ಮಾತ್ರ ಹಳೆಯದು. 1964ರಲ್ಲಿ ಆಫ್ರಿಕಾದ ದೇಶಗಳು ಕೈರೋದಲ್ಲಿ ಸೇರಿ ಬಿಳಿಯರು ಎಳೆದ ಗೆರೆಗಳನ್ನೇ ಗೌರವಿಸೋಣ ಅಂದವು. ಸೊಮಾಲಿಯಾ, ಮೊರಾಕ್ಕೊ ಒಪ್ಪಲಿಲ್ಲ. 1985ರ ಕ್ರಿಸ್‌ಮಸ್ ಹೊತ್ತಿಗೆ ಗಡಿಗಾಗಿ ಹೊಡೆದಾಡಿಕೊಂಡ ಬುರ್ಕಿನಾ ಫಾಸೊ ಮತ್ತು ಮಾಲಿಯ ಕೇಸಿನಲ್ಲಿ, ಮರುವರ್ಷ ಹೇಗ್‌ನ ಪೀಠ ಇದು ಎಲ್ಲ ಕಡೆಗೂ ಸಲ್ಲುವ ತತ್ವ ಅಂದಿತು. ಸ್ವಾತಂತ್ರ್ಯ ಬಂದ ಕ್ಷಣದಲ್ಲಿ ಜಾಗದ ಒಂದು ಫೋಟೋ ತೆಗೆದ ಹಾಗೆ, ಆ ಫೋಟೋದಲ್ಲಿ ಇದ್ದದ್ದೇ ಗಡಿ.

ಈಗ ಹೇಳಿ ಮಾಷ್ಟ್ರೇ, ನಮ್ಮ ಫೋಟೋ ಯಾವ ದಿನದ್ದು? 1947ರದ್ದು ತೆಗೆದರೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರದ್ದು ತೆಗೆದರೆ ಕೇರಳ. ರಾಜ್ಯಗಳ ಗಡಿ ಜಗಳ ನೋಡಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಲಿ ಅಂದದ್ದು ಫೋಟೋದಲ್ಲಿ ಬರುವುದೇ ಇಲ್ಲ, ಯಾಕೆಂದರೆ ಅದು ಜಾರಿಗೇ ಬರಲಿಲ್ಲ. ಇದ್ದ ಗೆರೆಯನ್ನು ಗಟ್ಟಿ ಮಾಡುವ ಸಿದ್ಧಾಂತ ಇದು. ಗೆರೆ ತಪ್ಪು ಅನ್ನುವವರ ಕೈಗೆ ಇದು ಹತ್ತುವುದಿಲ್ಲ.

ನಿಮಗೆ ಕೆಲಸಕ್ಕೆ ಬರುವುದು ಬೇರೆ ಇದೆ. 1933ರಲ್ಲಿ ಅಲ್ಬೇನಿಯಾ ದೇಶ ಎಲ್ಲ ಖಾಸಗಿ ಶಾಲೆಗಳನ್ನೂ ಮುಚ್ಚಿತು. ಗ್ರೀಕ್ ಮಾತಾಡುವವರ ಶಾಲೆಗಳೂ ಹೋದವು. ಎಲ್ಲರದ್ದೂ ಮುಚ್ಚಿದ್ದೇವೆ, ಭೇದ ಎಲ್ಲಿ ಬಂತು ಅಂತ ಸರಕಾರದ ವಾದ. ಆಗ ಹೇಗ್‌ನಲ್ಲಿದ್ದ ಹಳೆಯ ಕೋರ್ಟು 1935ರಲ್ಲಿ ಒಪ್ಪಲಿಲ್ಲ. ಬಹುಸಂಖ್ಯಾತರ ಮಕ್ಕಳಿಗೆ ಅವರ ಭಾಷೆಯ ಸರಕಾರಿ ಶಾಲೆ ಇದ್ದೇ ಇರುತ್ತದೆ, ಅಲ್ಪಸಂಖ್ಯಾತರಿಗೆ ಮುಚ್ಚಿದ್ದು ಹೋದದ್ದೇ. ಕಾಗದದ ಸಮಾನತೆ ಸಾಲದು, ನಿಜವಾಗಿಯೂ ಸಮಾನ ಆಗಿರಬೇಕು ಅಂತ ಹೇಳಿತು. ಮಲಯಾಳ ಬಾರದ ಮಗುವಿಗೆ ಮಲಯಾಳ ಮಾತ್ರ ಗೊತ್ತಿರುವ ಟೀಚರನ್ನು ಕೊಟ್ಟು ‘ಪೋಸ್ಟ್ ಭರ್ತಿ ಆಯಿತಲ್ಲ’ ಅಂದರೆ ಏನು ಹೇಳಬೇಕು ಅಂತ ಆ ಅಭಿಪ್ರಾಯದಲ್ಲಿದೆ. ಅದರ ಜೊತೆ ಸಂವಿಧಾನದ 29, 30, 350ಎ ವಿಧಿಗಳನ್ನು ಇಟ್ಟುಕೊಳ್ಳಿ. ಭಾರತ 1979ರಲ್ಲಿ ಸೇರಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯೂ ಭಾಷಾ ಅಲ್ಪಸಂಖ್ಯಾತರದ್ದೇ. ನಮ್ಮ ಕೇರಳ ಹೈಕೋರ್ಟಿನಲ್ಲೇ ಇವನ್ನು ಹಿಡಿದು ವಾದ ಮಾಡಬಹುದು.

ಪ್ರಶ್ನೆ: ಹೆಲಿಕಾಪ್ಟರಿನಲ್ಲಿ ಗೇರುತೋಟಕ್ಕೆ ಮದ್ದು ಬಿಡುತ್ತಿದ್ದಾಗ ನಾವು ಬಾವಿಗೆ ಸೋಗೆ ಮುಚ್ಚುತ್ತಿದ್ದೆವು. ಆ ಮದ್ದಿನಿಂದಲೇ ಕಾಯಿಲೆ ಅಂತ ರುಜುವಾತು ಎಲ್ಲಿದೆ ಅಂತ ಆಗ ಕೇಳುತ್ತಿದ್ದರು. ರುಜುವಾತು ಇಲ್ಲದೆ ಎಂಡೋಸಲ್ಫಾನ್ ಹೇಗೆ ನಿಂತಿತು?
(ಗೃಹಿಣಿ, ಎಣ್ಮಕಜೆ)

ಉತ್ತರ: ಅಕ್ಕ, ರುಜುವಾತು ಪೂರ್ತಿ ಸಿಗುವವರೆಗೆ ಕಾಯಬೇಕಾಗಿಲ್ಲ ಅನ್ನುವ ಸಿದ್ಧಾಂತದಿಂದಲೇ ಅದು ದೇಶದಲ್ಲೆಲ್ಲ ನಿಂತದ್ದು. ಮುನ್ನೆಚ್ಚರಿಕೆಯ ತತ್ವ ಅನ್ನುತ್ತಾರೆ. ಪರಿಸರದ ಬಗ್ಗೆ ದೇಶಗಳು ಸೇರಿ ಮಾಡಿದ 1992ರ ರಿಯೋ ಘೋಷಣೆಯ 15ನೇ ಅಂಶ. ಸರಿಪಡಿಸಲಾಗದ ಹಾನಿಯ ಭಯ ಇದ್ದಾಗ ವಿಜ್ಞಾನಿಗಳು ಇನ್ನೂ ಖಚಿತ ಹೇಳಿಲ್ಲ ಅನ್ನುವ ನೆಪದಲ್ಲಿ ಕ್ರಮ ಮುಂದೂಡಬಾರದು. ಇದು ಕಾನೂನೋ, ಬರೀ ಒಳ್ಳೆಯ ಮಾತೋ ಅಂತ ಪಂಡಿತರು ಇವತ್ತಿಗೂ ಕಿತ್ತಾಡುತ್ತಾರೆ. ರಿಯೋದಲ್ಲಿ ‘ಮುನ್ನೆಚ್ಚರಿಕೆಯ ತತ್ವ’ ಅನ್ನದೆ ‘ಮುನ್ನೆಚ್ಚರಿಕೆಯ ಧೋರಣೆ’ ಅಂತ ಹಾಕಿದರು. 2010ರಲ್ಲಿ ಉರುಗ್ವೆ ನದಿಯ ದಡದ ಕಾಗದದ ಕಾರ್ಖಾನೆಗಳ ಕೇಸಿನಲ್ಲೂ ಹೇಗ್‌ನ ಕೋರ್ಟು, ಒಪ್ಪಂದವನ್ನು ಅರ್ಥ ಮಾಡಿಕೊಳ್ಳಲು ಇದು ಉಪಯೋಗಕ್ಕೆ ಬರಬಹುದು ಅಂದದ್ದು, ಅಷ್ಟೇ. ನಮ್ಮ ಸುಪ್ರೀಂ ಕೋರ್ಟು ಕಾಯಲಿಲ್ಲ. ತಮಿಳುನಾಡಿನ ವೆಲ್ಲೂರಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು ಪಾಲಾರ್ ನದಿಯನ್ನು ಕೆಡಿಸಿದ ಕೇಸಿನಲ್ಲಿ, 1996ರಲ್ಲೇ, ಇದು ದೇಶಗಳ ರೂಢಿಯ ಭಾಗ, ನಮ್ಮ ಕಾನೂನಿನ ಭಾಗವೂ ಹೌದು ಅಂತ ಹೇಳಿಬಿಟ್ಟಿತು. ರೂಢಿ ಅನ್ನಲು ಬೇಕಾದಷ್ಟು ದೇಶಗಳ ನಡವಳಿಕೆಯನ್ನು ಆ ತೀರ್ಪು ತೋರಿಸಿಲ್ಲ ಅಂತ ಟೀಕೆ ಇದೆ, ಟೀಕೆಯಲ್ಲಿ ಹುರುಳೂ ಇದೆ. ಆದರೆ 2011ರ ಮೇ 13ರಂದು ಎಂಡೋಸಲ್ಫಾನ್‌ನ ತಯಾರಿ, ಮಾರಾಟ, ಬಳಕೆ ಎಲ್ಲಕ್ಕೂ ತಡೆ ಹಾಕಿದ ಮಧ್ಯಂತರ ಆದೇಶ ನಿಂತದ್ದು ಇದೇ ತತ್ವದ ಮೇಲೆ, ಮತ್ತು ಬದುಕುವ ಹಕ್ಕಿನ 21ನೇ ವಿಧಿಯ ಮೇಲೆ. ಅದಕ್ಕೆ ಎರಡು ವಾರ ಮೊದಲು ಜಿನೀವಾದಲ್ಲಿ, ಬೇಗ ಕರಗದ ವಿಷಗಳ ಮೇಲಿನ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತ್ತು. ಅಲ್ಲಿ ಅಷ್ಟು ದಿನ ವಿರೋಧ ಮಾಡುತ್ತಿದ್ದದ್ದು ಭಾರತವೇ.

2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಬಾಧಿತರಿಗೆ ಮೂರು ತಿಂಗಳಲ್ಲಿ ತಲಾ ಐದು ಲಕ್ಷ ಕೊಡಿ ಅಂತ ರಾಜ್ಯಕ್ಕೆ ಹೇಳಿತು. 2022ರ ಮೇಯಲ್ಲಿ ಲೆಕ್ಕ ಕೇಳಿದಾಗ 3,704 ಜನರಲ್ಲಿ ದುಡ್ಡು ಮುಟ್ಟಿದ್ದು ಎಂಟು ಜನಕ್ಕೆ, ಅದೂ ಕೋರ್ಟಿಗೆ ಮತ್ತೆ ಹೋದವರಿಗೆ. ನಿಮ್ಮ ಮನೆಯ ಅರ್ಜಿಯ ಬಗ್ಗೆ ಪತ್ರದ ಹಿಂದೆ ಬರೆದಿದ್ದೀರಿ. ಮೆಡಿಕಲ್ ಕ್ಯಾಂಪಿನ ಚೀಟಿ ಕಳೆದುಹೋಗಿದ್ದರೆ ಗಾಬರಿ ಬೇಡ. ರೇಷನ್ ಕಾರ್ಡು, ಮಗುವಿನ ಆಸ್ಪತ್ರೆ ಕಾಗದ ಏನಿದೆಯೋ ಅಷ್ಟನ್ನೂ ಒಂದು ಕವರಿಗೆ ಹಾಕಿಕೊಂಡು ವಿದ್ಯಾನಗರದ ಕೋರ್ಟಿಗೆ ಹೋಗಿ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಅಂತ ಕೇಳಿ. ಅಲ್ಲಿ ಫೀಸು ಇಲ್ಲ. ಕನ್ನಡದಲ್ಲೇ ಬರೆದುಕೊಡಿ.